ಬೇಡ ಎನ್ನಬಹುದಾದ ಲೋಡು

ನಲವತ್ತು ವರ್ಷದ ಹಿಂದೆ ಹೆದ್ದಾರಿಯಲ್ಲಿ ಎದುರಾಗುತ್ತಿದ್ದ ಬಹುತೇಕ ಲಾರಿಗಳ ಹಣೆಯ ಮೇಲೆ ‘ಪಬ್ಲಿಕ್ ಕ್ಯಾರಿಯರ್’ ಎಂದು ಬರೆದಿರುತ್ತಿತ್ತು. ಅದು ಅಲಂಕಾರಕ್ಕೆ ಬರೆಸಿದ್ದಲ್ಲ. 1939ರ ಮೋಟಾರು ವಾಹನ ಕಾಯ್ದೆ ಸರಕು ವಾಹನಗಳನ್ನು ಎರಡು ಜಾತಿ ಮಾಡಿತ್ತು. ತನ್ನದೇ ಸರಕನ್ನು ತಾನೇ ಸಾಗಿಸಿಕೊಳ್ಳುವ ಕಾರ್ಖಾನೆಯ ಅಥವಾ ವ್ಯಾಪಾರಿಯ ಲಾರಿ ‘ಪ್ರೈವೇಟ್ ಕ್ಯಾರಿಯರ್’. ಬಾಡಿಗೆಗೆ ಯಾರ ಸರಕನ್ನಾದರೂ ಹೊರುವ ಲಾರಿ ‘ಪಬ್ಲಿಕ್ ಕ್ಯಾರಿಯರ್’. ಎರಡಕ್ಕೂ ಬೇರೆ ಬೇರೆ ಪರ್ಮಿಟ್. 1988ರ ಹೊಸ ಕಾಯ್ದೆ ಈ ಭೇದವನ್ನು ಕೈಬಿಟ್ಟಿತು. ನಿಧಾನಕ್ಕೆ ಹಣೆಬರಹವೂ ‘ಗೂಡ್ಸ್ ಕ್ಯಾರಿಯರ್’ ಎಂದು ಬದಲಾಯಿತು.

ಕಾನೂನಿನ ಕಣ್ಣಿಗೆ ಲಾರಿಗಳು ಎರಡೇ ಬಗೆ ಇದ್ದ ಕಾಲದಲ್ಲೂ ಚಾಲಕರ ಮಾತಿನಲ್ಲಿ ಹತ್ತಾರು ಬಗೆ ಇದ್ದವು. ಲೈನ್ ಗಾಡಿ, ಲೋಕಲ್ ಗಾಡಿ, ಪಾರ್ಸೆಲ್ ಗಾಡಿ, ತರಕಾರಿ ಗಾಡಿ, ಮೀನಿನ ಲಾರಿ, ಮರಳು ಲಾರಿ, ಅದಿರು ಲಾರಿ, ಟ್ಯಾಂಕರ್, ಬುಲೆಟ್, ಟ್ರೇಲರ್, ಕಂಟೇನರ್. ಇವು ವಾಹನದ ಹೆಸರುಗಳಂತೆ ಕೇಳಿದರೂ ನಿಜಕ್ಕೂ ಬದುಕಿನ ಹೆಸರುಗಳು. ಯಾವ ಗಾಡಿ ಎಂದು ಗೊತ್ತಾದರೆ ಆ ಚಾಲಕ ಎಷ್ಟು ದಿನಕ್ಕೊಮ್ಮೆ ಮನೆಗೆ ಹೋಗುತ್ತಾನೆ, ರಾತ್ರಿ ಮಲಗುತ್ತಾನೋ ಹಗಲು ಮಲಗುತ್ತಾನೋ, ಪೊಲೀಸರಿಗೆ ಹೆದರುತ್ತಾನೋ ಮಂಡಿಯ ದಲ್ಲಾಳಿಗೆ ಹೆದರುತ್ತಾನೋ ಎಂಬುದೂ ಸುಮಾರಾಗಿ ಗೊತ್ತಾಗುತ್ತದೆ.

ಯಾವ ಲೋಡು ಒಳ್ಳೆಯದು ಎಂಬ ಪ್ರಶ್ನೆಗೆ ಚಾಲಕರು ಕೊಡುವ ಉತ್ತರ ಊರಿಂದೂರಿಗೆ, ವಯಸ್ಸಿಂದ ವಯಸ್ಸಿಗೆ ಬೇರೆ. ಆದರೆ ಲೆಕ್ಕ ಹಾಕುವ ಅಳತೆಗೋಲುಗಳು ಹೆಚ್ಚು ಬದಲಾಗಿಲ್ಲ. ಕೈಯಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಹೊತ್ತು ಕಾಯಬೇಕು, ಏನಾದರೂ ಆದರೆ ತಪ್ಪು ಯಾರ ತಲೆಗೆ, ಮನೆ ಎಷ್ಟು ದೂರ: ಈ ನಾಲ್ಕು. ಲಾರಿ ಸಾಗಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ರಸ್ತೆ, ಎಂಜಿನ್, ಮಾಲೀಕರ ಸಂಘ, ಡೀಸೆಲ್ ದರದ ಮೂಲಕ ಹೇಳುತ್ತಾರೆ. ಈ ನಾಲ್ಕು ಅಳತೆಗೋಲು ಹಿಡಿದು ನೋಡಿದರೆ ಅದೇ ಚರಿತ್ರೆ ಇನ್ನೊಂದು ಬಗೆಯಲ್ಲಿ ಕಾಣುತ್ತದೆ.

ಪರ್ಮಿಟ್ಟಿನ ಕಾಲ

1930ರ ದಶಕದಲ್ಲಿ ರೈಲ್ವೆಗೆ ಲಾರಿಗಳ ಮೇಲೆ ಸಿಟ್ಟಿತ್ತು. ಹಳಿಯ ಪಕ್ಕದಲ್ಲೇ ಓಡುವ ಮೋಟಾರುಗಳು ತನ್ನ ಆದಾಯ ಕಸಿಯುತ್ತಿವೆ ಎಂಬುದು ದೂರು. ರಸ್ತೆ ಮತ್ತು ರೈಲಿನ ಪೈಪೋಟಿಯನ್ನು ಪರಿಶೀಲಿಸಲು ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳನ್ನು ನೇಮಿಸಲಾಯಿತು. ಕೆಲವು ವರ್ಷಗಳಲ್ಲಿ 1939ರ ಕಾಯ್ದೆ ಬಂತು. ಲಾರಿಗೆ ಪರ್ಮಿಟ್ ಬೇಕು, ಪರ್ಮಿಟ್ ಕೊಟ್ಟ ಪ್ರದೇಶ ದಾಟಬೇಕಾದರೆ ಆಚೆಯ ಪ್ರಾಧಿಕಾರದ ಮೇಲುಸಹಿ ಬೇಕು ಎಂಬ ಏರ್ಪಾಡು ಅಲ್ಲಿಂದ ಗಟ್ಟಿಯಾಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಲಾರಿಗಳು ಬಾಡಿಗೆ ಕಸುಬಿಗೆ ಇಳಿದವು. 1954ರಲ್ಲಿ ಜಮ್‌ಶೆಡ್‌ಪುರದ ಟೆಲ್ಕೊ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸಲು ಶುರುಮಾಡಿತು. ಮದ್ರಾಸಿನ ಎನ್ನೂರಿನಲ್ಲಿ ಅಶೋಕ್ ಮೋಟಾರ್ಸ್ ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಕೈಜೋಡಿಸಿ ಅಶೋಕ್ ಲೇಲ್ಯಾಂಡ್ ಆಯಿತು. ಆಗಿನ್ನೂ ದೇಶದ ಸರಕಿನಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚು ರೈಲಿನಲ್ಲೇ ಹೋಗುತ್ತಿತ್ತು. ಲಾರಿ ಹೊರುತ್ತಿದ್ದದ್ದು ರೈಲು ಬಿಟ್ಟದ್ದನ್ನು: ಸ್ಟೇಷನ್ನಿನಿಂದ ಮಂಡಿಗೆ, ಮಂಡಿಯಿಂದ ತಾಲ್ಲೂಕಿಗೆ, ಘಟ್ಟದ ಕೆಳಗಿಂದ ಮೇಲಕ್ಕೆ.

ಹಾಗಾಗಿ ಚಾಲಕನ ಆಯ್ಕೆಯ ಮೊದಲ ಗೆರೆಯನ್ನು ಎಳೆದದ್ದು ಪರ್ಮಿಟ್. ಜಿಲ್ಲೆಯ ಪರ್ಮಿಟ್ ಇದ್ದ ಲಾರಿ ಲೋಕಲ್. ನಾಲ್ಕು ರಾಜ್ಯದ ಸಹಿ ಗಿಟ್ಟಿಸಿದ ಲಾರಿ ಲೈನ್. 1960ರ ದಶಕದಲ್ಲಿ ಅಕ್ಕಪಕ್ಕದ ರಾಜ್ಯಗಳು ಸೇರಿ ವಲಯ ಪರ್ಮಿಟ್ ಕೊಡತೊಡಗಿದವು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂತು. ಮೊದಲಿಗೆ ಪ್ರತಿ ರಾಜ್ಯಕ್ಕೆ ಇಷ್ಟೇ ಎಂದು ಮಿತಿ ಇತ್ತು. ಮುಂದೆ ಬಂದ ನಿಯಮಗಳು ಈ ಲಾರಿಗಳಿಗೆ ಒಣಗಿದ ಎಲೆಯ ಕಂದು ಬಣ್ಣ, ಬಿಳಿ ಅಂಚು ಹೇಳಿದವು. ಇಬ್ಬರು ಚಾಲಕರಿರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಮೈಚಾಚಿ ಮಲಗುವಷ್ಟು ಉದ್ದದ ಸೀಟಿರಬೇಕು ಎಂದೂ ಹೇಳಿದವು.

ಆ ಕಂದು ಬಣ್ಣಕ್ಕೆ ಒಂದು ಗತ್ತಿತ್ತು. ಕ್ಲೀನರ್ ಆಗಿ ಸೇರಿದ ಹುಡುಗ ಮೊದಲು ಟೈರು ಬಡಿದು ಗಾಳಿ ನೋಡುವುದು, ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು ಕಲಿಯುತ್ತಿದ್ದ. ಆಮೇಲೆ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಸಿಗುತ್ತಿತ್ತು. ಲೋಕಲ್ ಗಾಡಿ ಸಿಕ್ಕಿದರೆ ಅವನು ಡ್ರೈವರ್, ಲೈನ್ ಗಾಡಿ ಸಿಕ್ಕಿದರೆ ದೊಡ್ಡ ಡ್ರೈವರ್. ಬಾಂಬೆ, ದಿಲ್ಲಿ, ಕಲ್ಕತ್ತಾ ನೋಡಿದವನ ಮಾತಿಗೆ ಊರಿನಲ್ಲಿ ತೂಕವಿತ್ತು. ಆ ತಲೆಮಾರಿನವರಿಗೆ ದೂರವೇ ಬಡ್ತಿ.

ಬತ್ತ ಮತ್ತು ಬಾಡಿಗೆ

ದೂರಕ್ಕೆ ಗತ್ತು ಬರಲು ದುಡ್ಡೂ ಕಾರಣ. ಲಾರಿ ಚಾಲಕನಿಗೆ ತಿಂಗಳ ಸಂಬಳ ಸಣ್ಣದು, ಹಲವೆಡೆ ಇರುತ್ತಲೇ ಇರಲಿಲ್ಲ. ಬದುಕು ನಡೆಯುತ್ತಿದ್ದದ್ದು ಟ್ರಿಪ್ಪಿನ ಮೇಲೆ. ಕೆಲವು ಮಾಲೀಕರು ಬಾಡಿಗೆಯಲ್ಲಿ ನೂರಕ್ಕೆ ಇಷ್ಟು ಎಂದು ಕೊಡುತ್ತಿದ್ದರು. ಕೆಲವರು ಡೀಸೆಲ್, ಸುಂಕ, ಊಟ, ದಾರಿಯ ಮಾಮೂಲು ಎಲ್ಲ ಸೇರಿಸಿ ಒಂದು ಗಂಟು ಕೊಟ್ಟು, ಉಳಿಸಿದ್ದು ನಿನ್ನದು ಎನ್ನುತ್ತಿದ್ದರು. ಇದರ ಜೊತೆಗೆ ದಿನದ ಖರ್ಚಿಗೆ ‘ಬತ್ತ’, ಕೆಲವರ ಬಾಯಲ್ಲಿ ‘ಬಾಟಾ’.

ಈ ಪದಕ್ಕೇ ಒಂದು ಪ್ರಯಾಣವಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸಿಪಾಯಿಗಳಿಗೆ ಸಂಬಳದ ಮೇಲೆ ಕೊಡುತ್ತಿದ್ದ ಊಟದ ಹಣಕ್ಕೆ ಬಟ್ಟಾ ಎನ್ನುತ್ತಿದ್ದರು. 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಅದರ ಮೂಲವನ್ನು ಹುಡುಕುತ್ತ ಕನ್ನಡದ ‘ಭತ್ತ’ದವರೆಗೂ ಹೋಗುತ್ತದೆ. ಆ ವ್ಯುತ್ಪತ್ತಿಯನ್ನು ಒಪ್ಪಿದರೂ ಬಿಟ್ಟರೂ ಅದರ ಒಳಗಿನ ಅರ್ಥ ಲಾರಿ ಚಾಲಕನಿಗೆ ಸರಿಯಾಗಿ ಒಪ್ಪುತ್ತದೆ. ಮನೆಯಿಂದ ದೂರ ಇರುವವನ ಅನ್ನಕ್ಕಾಗಿ ಕೊಡುವ ಹಣ ಅದು. ಮನೆಯಲ್ಲಿ ಉಂಡರೆ ಬತ್ತವಿಲ್ಲ.

ದಾರಿಯಲ್ಲಿ ಉಳಿಸಿದ್ದೇ ಸಂಪಾದನೆ ಎಂಬ ಈ ಪದ್ಧತಿಯಿಂದ ಎರಡು ಪರಿಣಾಮಗಳಾದವು. ಒಂದು, ಗಾಡಿ ನಿಂತರೆ ಚಾಲಕನಿಗೆ ನಷ್ಟ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರೇ ಹೆಚ್ಚಿರುವ ಕಸುಬಿನಲ್ಲಿ ಬಹಳ ಚಾಲಕರು ಅದರ ನೆರಳಿಗೂ ಬರಲಿಲ್ಲ. ಬಂದವರಿಗೂ ಟ್ರಿಪ್ಪಿನ ಲೆಕ್ಕವೇ ಗಡಿಯಾರ. ಎರಡು, ಓಡುವ ಲೋಡು ಮತ್ತು ಕಾಯುವ ಲೋಡು ಎಂಬ ಭೇದ ಬಾಡಿಗೆಯ ದರಕ್ಕಿಂತ ದೊಡ್ಡದಾಯಿತು.

ಕಾಯುವ ಲೋಡು, ಓಡುವ ಲೋಡು

ಕಾಯಿಸುವ ಜಾಗಗಳು ಎಲ್ಲ ಕಡೆ ಇದ್ದವು. ರಾಜ್ಯದ ಗಡಿಯಲ್ಲಿ ಮಾರಾಟ ತೆರಿಗೆಯ ಚೆಕ್‌ಪೋಸ್ಟ್, ಅದರ ಪಕ್ಕ ಆರ್‌ಟಿಒ, ಊರ ಬಾಗಿಲಲ್ಲಿ ಆಕ್ಟ್ರಾಯ್. ಕರ್ನಾಟಕ 1979ರಲ್ಲೇ ಆಕ್ಟ್ರಾಯ್ ತೆಗೆದು ಪ್ರವೇಶ ತೆರಿಗೆ ತಂದಿತು. ಮುಂಬೈಯಲ್ಲಿ ಅದು 2017ರವರೆಗೂ ಉಳಿಯಿತು. ದಹಿಸರ್, ಮುಲುಂಡ್, ಮಾನ್‌ಖುರ್ದ್ ನಾಕಾಗಳ ಮುಂದಿನ ಸಾಲು ಮುಂಬೈ ಕನ್ನಡಿಗರು ಬಸ್ಸಿನ ಕಿಟಕಿಯಿಂದ ನೋಡಿಯೇ ಬೆಳೆದ ದೃಶ್ಯ. ಆ ಸಾಲಿನಲ್ಲಿ ನಿಂತ ಪ್ರತಿ ಲಾರಿಯಲ್ಲೂ ಬತ್ತ ಕರಗುತ್ತಿದ್ದ ಒಬ್ಬನಿರುತ್ತಿದ್ದ.

ಹತ್ತು ಬಗೆಯ ಸರಕು ಹೊತ್ತ ಗಾಡಿಗೆ ಹತ್ತು ಬಿಲ್ಲು, ಹತ್ತು ಪ್ರಶ್ನೆ. ಒಬ್ಬನೇ ವ್ಯಾಪಾರಿಯ ಸಿಮೆಂಟೋ ಗೋಧಿಯೋ ಹೊತ್ತ ಗಾಡಿಗೆ ಒಂದೇ ಬಿಲ್ಲು. ಹಾಗಾಗಿ ದರ ಸ್ವಲ್ಪ ಕಡಿಮೆಯಾದರೂ ಒಂದೇ ಸರಕಿನ ಪೂರ್ತಿ ಲೋಡಿಗೆ ಚಾಲಕರ ಒಲವು. ತರಕಾರಿ, ಹಣ್ಣು, ಹಾಲು, ಮೀನಿನ ಗಾಡಿಗಳಿಗೆ ಇನ್ನೊಂದು ಅನುಕೂಲ: ಕೊಳೆಯುವ ಸರಕನ್ನು ಬಹಳ ಹೊತ್ತು ನಿಲ್ಲಿಸಲು ಯಾರೂ ಧೈರ್ಯ ಮಾಡುವುದಿಲ್ಲ.

ಆದರೆ ಆ ಅನುಕೂಲಕ್ಕೆ ಬೆಲೆ ಇದೆ. ಕೋಲಾರದ ಟೊಮೆಟೊ ದಿಲ್ಲಿಯ ಆಜಾದ್‌ಪುರಕ್ಕೋ ನವಿ ಮುಂಬೈಯ ವಾಶಿಗೋ ಚೆನ್ನೈನ ಕೋಯಂಬೇಡಿಗೋ ಹೊರಟರೆ ಅಲ್ಲಿ ಹರಾಜು ಚಾಲಕನಿಗಾಗಿ ಕಾಯುವುದಿಲ್ಲ. ಬೆಳಗಿನ ಹರಾಜು ತಪ್ಪಿದರೆ ಸರಕಿನ ಬೆಲೆ ಇಳಿಯುತ್ತದೆ, ಇಳಿದ ಬೆಲೆಯ ಒಂದು ಪಾಲನ್ನು ಬಾಡಿಗೆಯಲ್ಲಿ ಹಿಡಿಯುತ್ತಾರೆ. ಹೊತ್ತಿಗೆ ಮುಂಚೆ ಮುಟ್ಟಿಸಿದರೆ ಇನಾಮು. ಮಲ್ಪೆ, ಮಂಗಳೂರಿನ ಮೀನಿನ ಲಾರಿಗಳ ವೇಗವನ್ನು ಕರಾವಳಿಯವರು ಬೈಯುವುದುಂಟು. ಆ ವೇಗ ಹುಟ್ಟುವುದು ಮಂಜುಗಡ್ಡೆ ಕರಗುವ ಲೆಕ್ಕದಲ್ಲಿ, ಮಾರುಕಟ್ಟೆ ತೆರೆಯುವ ಗಂಟೆಯಲ್ಲಿ. ಇಂಥ ಗಾಡಿ ಇಪ್ಪತ್ತರ ಹರೆಯದವರ ಗಾಡಿ. ನಲವತ್ತು ದಾಟಿದವರು ಅದರಿಂದ ದೂರ ಸರಿಯುತ್ತಾರೆ.

ಕಾಯುವಿಕೆಯ ಇನ್ನೊಂದು ರೂಪ ಬಂದರು. ಮುಂಬೈಯ ಆಚೆ ದಡದಲ್ಲಿ ನ್ಹಾವಾ ಶೇವಾ ಬಂದರು 1989ರಲ್ಲಿ ತೆರೆಯಿತು. ಅದಕ್ಕೆ ಮುಂಚೆ, 1981ರಲ್ಲಿ, ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ಬೆಂಗಳೂರಿನಲ್ಲಿ ಶುರುವಾಗಿತ್ತು. ಕಂಟೇನರ್ ಗಾಡಿಯಲ್ಲಿ ಹಗ್ಗ ಕಟ್ಟುವ ಕೆಲಸವಿಲ್ಲ, ಟಾರ್ಪಾಲಿಲ್ಲ, ಮಳೆಯ ಭಯವಿಲ್ಲ. ಪೆಟ್ಟಿಗೆಗೆ ಸೀಲು ಹಾಕಿರುವುದರಿಂದ ಒಳಗೆ ಏನು ಕಡಿಮೆಯಾಯಿತು ಎಂಬ ತಕರಾರೂ ಕಡಿಮೆ. ಮೈಗೆ ಇಷ್ಟು ಹಗುರಾದ ಕೆಲಸವನ್ನು ಬೇಡ ಎನ್ನುವವರೂ ಇದ್ದಾರೆ. ಬಂದರಿನ ಬಾಗಿಲಲ್ಲಿ ಹಡಗಿನ ಸರದಿ, ಕಸ್ಟಮ್ಸ್ ಕಾಗದ, ಖಾಲಿ ಪೆಟ್ಟಿಗೆ ಒಪ್ಪಿಸುವ ಸಾಲು ಎಂದು ದಿನಗಳು ಹೋಗುತ್ತವೆ.

ಲೋಡು ಹತ್ತಿಸುವವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಹಾರಾಷ್ಟ್ರದಲ್ಲಿ 1969ರ ಮಾಥಾಡಿ ಕಾಯ್ದೆ, ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಕಾಯ್ದೆ ಹಮಾಲರಿಗೆ ಕೂಲಿ, ಭವಿಷ್ಯನಿಧಿಯ ಭದ್ರತೆ ತಂದವು. ಬೆನ್ನು ಬಾಗಿಸಿ ದುಡಿಯುವವರ ದೊಡ್ಡ ಗೆಲುವು ಅದು. ಕೇರಳದಲ್ಲಿ ಅದರ ನೆರಳಿನಲ್ಲೇ ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೂ ದುಡ್ಡು ಕೇಳುವ ‘ನೋಕ್ಕುಕೂಲಿ’ ಬೆಳೆಯಿತು, ಸರ್ಕಾರ 2018ರ ಮೇ 1ರಿಂದ ಅದನ್ನು ನಿಷೇಧಿಸಿತು. ಗಮನಿಸಬೇಕಾದ ಸಂಗತಿ ಒಂದಿದೆ. ಲಾರಿಯ ಹಿಂಬದಿಯಲ್ಲಿ ನಿಂತವರಿಗೆ ಮಂಡಳಿ ಸಿಕ್ಕಿತು, ಮುಂಬದಿಯಲ್ಲಿ ಕುಳಿತವನಿಗೆ ಸಿಗಲಿಲ್ಲ. ಹಮಾಲರು ಒಂದೇ ಮಂಡಿಯಲ್ಲಿ ದಿನವೂ ಸೇರುತ್ತಾರೆ. ಚಾಲಕರು ಸೇರುವುದು ಡಾಬಾದಲ್ಲಿ, ಅದೂ ಅರ್ಧ ಗಂಟೆ.

ಕೆಂಪು ಧೂಳಿನ ವರ್ಷಗಳು

ಈ ಎಲ್ಲ ಲೆಕ್ಕವನ್ನು ಒಮ್ಮೆಗೇ ತಲೆಕೆಳಗು ಮಾಡಿದ್ದು ಬಳ್ಳಾರಿ. 2003ರ ಆಸುಪಾಸಿನಿಂದ ಚೀನಾದ ಉಕ್ಕಿನ ಹಸಿವಿಗೆ ಕಬ್ಬಿಣದ ಅದಿರಿನ ಬೆಲೆ ಏರತೊಡಗಿತು. ಸಂಡೂರು, ಹೊಸಪೇಟೆಯ ಗುಡ್ಡಗಳಿಂದ ಬಂದರಿಗೆ ಅದಿರು ಒಯ್ಯಲು ರೈಲಿನ ವ್ಯಾಗನ್ ಸಾಲಲಿಲ್ಲ. ಲಾರಿಗಳು ಇಳಿದವು. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲೆಯ ಹತ್ತಿರದ ಬೇಲೇಕೇರಿಗೆ ಒಂದು ಸಾಲು. ಮಂಗಳೂರಿಗೆ, ಗೋವೆಗೆ, ಪೂರ್ವದ ಕೃಷ್ಣಪಟ್ಟಣ ಮತ್ತು ಚೆನ್ನೈಗೆ ಬೇರೆ ಸಾಲುಗಳು.

ನಾಲ್ಕು ಅಳತೆಗೋಲಿನಿಂದಲೂ ಅದಿರು ಆಗ ಗೆದ್ದಿತು. ಬಾಡಿಗೆ ಟನ್ನಿನ ಲೆಕ್ಕ, ದುಡ್ಡು ಕೈಗೆ. ವಾಪಸ್ ಲೋಡಿಗಾಗಿ ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನಲ್ಲಿ ಎರಡು ದಿನ ಕೂರಬೇಕಿಲ್ಲ. ಅದಿರು ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಕದಿಯುವವರಿಲ್ಲ. ಗಣಿಯಿಂದ ಸ್ಟಾಕ್‌ಯಾರ್ಡಿಗೆ, ರೈಲ್ವೆ ಸೈಡಿಂಗಿಗೆ ಹೊಡೆಯುವವರಾದರೆ ರಾತ್ರಿ ಊಟ ಮನೆಯಲ್ಲೇ. ದಿಲ್ಲಿ ಲೈನಿನ ಗತ್ತು ಬಿಟ್ಟು ಬಂದವರುಂಟು. ಚಾಲಕರಾಗಿದ್ದವರು, ಹೊಲ ಅಡವಿಟ್ಟವರು ಸಾಲ ಮಾಡಿ ಲಾರಿ ಕೊಂಡರು. ಚಾಲಕ ಮಾಲೀಕನಾಗುವುದು ಈ ಕಸುಬಿನ ಹಳೆಯ ಕನಸು. ಅದು ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ.

ಟನ್ನಿನ ಲೆಕ್ಕವೆಂದರೆ ಅತಿಭಾರಕ್ಕೆ ಆಹ್ವಾನ. ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 16.2 ಟನ್ ಮೀರಬಾರದು, ಮೂರು ಆಕ್ಸಲ್ಲಿನದು 25 ಟನ್ ಎಂಬುದು ಆಗಿನ ಮಿತಿ. ಅದುವರೆಗೆ ಹಲವು ರಾಜ್ಯಗಳು ದಂಡ ಕಟ್ಟಿಸಿಕೊಂಡು ಅದೇ ಭಾರದೊಡನೆ ಲಾರಿಯನ್ನು ಮುಂದಕ್ಕೆ ಬಿಡುತ್ತಿದ್ದವು. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ, ಹಾಗೆ ಬಿಡುವಂತಿಲ್ಲ, ಹೆಚ್ಚಿನ ಭಾರವನ್ನು ಅಲ್ಲೇ ಇಳಿಸಬೇಕು ಎಂದಿತು. ಕಾಯ್ದೆಯ 194ನೇ ಕಲಮು ಅತಿಭಾರದ ತಪ್ಪಿಗೆ ಮೊದಲು ಹೆಸರಿಸುವುದು ಗಾಡಿ ಓಡಿಸುವವನನ್ನು. ಓಡಿಸಲು ಹೇಳಿದವನು, ಬಿಟ್ಟವನು ಆಮೇಲೆ ಬರುತ್ತಾರೆ. ಭಾರ ಎಷ್ಟು ತುಂಬಬೇಕೆಂದು ತೀರ್ಮಾನಿಸುವ ಅಧಿಕಾರ ಇಲ್ಲದವನೇ ಕಾನೂನಿನ ಸಾಲಿನಲ್ಲಿ ಮೊದಲಿಗ. ಕಾಗದ ಸರಿ ಇದೆಯೋ, ನಕಲಿಯೋ ಎಂದು ತಿಳಿಯುವ ದಾರಿಯೂ ಅವನಿಗಿರಲಿಲ್ಲ. ಘಟ್ಟದ ತಿರುವಿನಲ್ಲಿ ಭಾರಕ್ಕೆ ಬ್ರೇಕು ಹಿಡಿಯದಿದ್ದರೆ ಪ್ರಾಣ ಹೋಗುತ್ತಿದ್ದದ್ದೂ ಅವನದೇ.

ಆಮೇಲಿನ ಕಥೆ ವೇಗವಾಗಿ ನಡೆಯಿತು. 2010ರ ಜುಲೈನಲ್ಲಿ ಕರ್ನಾಟಕ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ರಾಜ್ಯಕ್ಕಾದ ನಷ್ಟವನ್ನು 16,000 ಕೋಟಿ ರೂಪಾಯಿಗೂ ಮೇಲೆಂದು ಅಂದಾಜಿಸಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಸರದಿ. ಲೂಟಿ ನಿಲ್ಲಬೇಕಾದದ್ದೇ. ಕಾಡು, ನೀರು, ಹೊಲಗಳ ಮೇಲೆ ಕೂತ ಕೆಂಪು ಧೂಳು ಎಲ್ಲರ ಕಣ್ಣೆದುರಿಗಿತ್ತು. ಆದರೆ ಆ ಆದೇಶದ ಮರುದಿನ ನಿಂತ ಲಾರಿಗಳ ಕಂತು ನಿಲ್ಲಲಿಲ್ಲ. ಹೊಸಪೇಟೆ, ಸಂಡೂರಿನ ಬಯಲುಗಳಲ್ಲಿ ಸಾಲುಗಟ್ಟಿ ನಿಂತ ಗಾಡಿಗಳನ್ನು ಫೈನಾನ್ಸಿನವರು ಒಯ್ದರು. ಅದಿರಿಗೆಂದು ಕಟ್ಟಿಸಿದ ಟಿಪ್ಪರನ್ನು ಲೈನಿಗೆ ತಿರುಗಿಸಲು ಬರುವುದಿಲ್ಲ. ಲೈನ್ ಬಿಟ್ಟು ಹತ್ತು ವರ್ಷವಾದವನಿಗೆ ಹಳೆಯ ಟ್ರಾನ್ಸ್‌ಪೋರ್ಟ್ ಆಫೀಸುಗಳ ಪರಿಚಯವೂ ಉಳಿದಿರುವುದಿಲ್ಲ.

2012ರ ಸೆಪ್ಟೆಂಬರಿನಿಂದ ಗಣಿಗಳು ಮಿತಿಯೊಳಗೆ ಮತ್ತೆ ತೆರೆದವು. ಆದರೆ ಹಿಂದಿನ ಸಾಲುಗಳು ಮರಳಲಿಲ್ಲ. ಅದಿರು ರೈಲಿಗೆ, ಸಂಡೂರಿನ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹಾಯುವ ಕನ್ವೇಯರ್ ಬೆಲ್ಟುಗಳಿಗೆ ಹೊರಳತೊಡಗಿತು. ಧೂಳು ಕಡಿಮೆ, ಅಪಘಾತ ಕಡಿಮೆ, ಚಾಲಕರೂ ಕಡಿಮೆ. ಗಣಿಯಿಂದ ದುಡ್ಡು ಮಾಡಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಒಳ್ಳೆಯ ಲೋಡು ಎಂದು ನಂಬಿ ಬಂದು ಸಾಲ ಹೊತ್ತವರ ಪಟ್ಟಿಯನ್ನು ಯಾವ ವರದಿಯೂ ಮಾಡಲಿಲ್ಲ.

ಬೆಂಕಿ ಹೊತ್ತ ಗಾಡಿ

ಬೇರೆ ಎಲ್ಲ ಲೋಡಿಗಿಂತ ಶಿಸ್ತಿನದು ಟ್ಯಾಂಕರ್. ಪೆಟ್ರೋಲ್, ಡೀಸೆಲ್ ಟ್ಯಾಂಕರಿಗೆ ಹೊತ್ತಿಗೆ ಸರಿಯಾದ ಡಿಪೊ, ಗೊತ್ತಿರುವ ಬಂಕ್, ಅಳತೆಯ ಕಡ್ಡಿ, ಸೀಲು. ಅಡುಗೆ ಅನಿಲ ಹೊರುವ ಉದ್ದನೆಯ ಬಿಳಿ ಟ್ಯಾಂಕರಿಗೆ ದಕ್ಷಿಣದಲ್ಲಿ ‘ಬುಲೆಟ್’ ಎಂಬ ಹೆಸರು. ಈ ಬುಲೆಟ್ಟುಗಳ ತವರು ತಮಿಳುನಾಡಿನ ನಾಮಕ್ಕಲ್. ಮಳೆ ಕಡಿಮೆಯ ಆ ಸೀಮೆಯಲ್ಲಿ ಬೇಸಾಯಗಾರರು ಲಾರಿ ಕಟ್ಟುವ, ಕೊಳ್ಳುವ, ಓಡಿಸುವ ಕಸುಬಿಗೆ ಇಳಿದು ಊರನ್ನೇ ಲಾರಿಯ ರಾಜಧಾನಿ ಮಾಡಿದರು. ದಕ್ಷಿಣ ವಲಯದ ಅನಿಲ ಟ್ಯಾಂಕರ್ ಮಾಲೀಕರ ಸಂಘ ಇರುವುದೂ ಅಲ್ಲೇ.

ಭೋಪಾಲದ 1984ರ ದುರಂತದ ನಂತರದ ವರ್ಷಗಳಲ್ಲಿ ಅಪಾಯಕಾರಿ ವಸ್ತುಗಳ ನಿಯಮಗಳು ಬಿಗಿಯಾದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮ ಇಂಥ ಗಾಡಿಯ ಚಾಲಕನಿಗೆ ವಿಶೇಷ ತರಬೇತಿ ಬೇಕು ಎನ್ನುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು ಎನ್ನುತ್ತದೆ. ಹಿಂದೆ ನಿಂತಿರುವ ರಾಸಾಯನಿಕದ ಹೆಸರು, ತುರ್ತು ಸೂಚನೆ ಇಂಗ್ಲಿಷಿನಲ್ಲಿ ಬರೆದಿರುವಾಗ ಅದು ನ್ಯಾಯವಾಗಿಯೇ ಕಾಣುತ್ತದೆ. ಭಾರೀ ವಾಹನ ಓಡಿಸಲು ಎಂಟನೇ ತರಗತಿ ಓದಿರಬೇಕೆಂಬ ಸಾಮಾನ್ಯ ನಿಯಮವನ್ನು ಕೇಂದ್ರ 2019ರಲ್ಲಿ ತೆಗೆಯಲು ತೀರ್ಮಾನಿಸಿತು. ಟ್ಯಾಂಕರಿನ ಈ ಅಕ್ಷರದ ಬಾಗಿಲು ಹಾಗೇ ಇದೆ. ಲಾರಿ ಲೋಕದಲ್ಲಿ ಓದು ದುಡ್ಡಾಗುವ ಕೆಲವೇ ಜಾಗಗಳಲ್ಲಿ ಇದೂ ಒಂದು.

ದುಡ್ಡಿನ ಜೊತೆ ಭಯವೂ ಬರುತ್ತದೆ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಹತ್ತಿರ ಚಾಲ ಎಂಬಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡು 20 ಜನ ಸತ್ತರು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂಥದೇ ದುರಂತ, ಮತ್ತೆ ಹಲವರ ಸಾವು. ಅದಾದ ಮೇಲೆ ಬುಲೆಟ್ ಕಂಡರೆ ರಸ್ತೆ ಬದಿಯ ಊರುಗಳು ಬೆಚ್ಚಿಬೀಳತೊಡಗಿದವು. ಒಂದು ಕಡೆ ಪೈಪುಗಳು ಬಂದವು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲಿಯಂ ಸಾಗಿಸುವ ಪೈಪ್‌ಲೈನ್ 2003ರಿಂದ ನಡೆಯುತ್ತಿದೆ. ಘಟ್ಟ ಏರಬೇಕಿದ್ದ ಇಂಧನ ನೆಲದೊಳಗೆ ಏರಿತು, ಟ್ಯಾಂಕರುಗಳು ಹಾಸನದಲ್ಲೋ ಬೆಂಗಳೂರಿನ ಹೊರಗಿನ ಡಿಪೊದಲ್ಲೋ ತುಂಬಿಕೊಂಡು ಸುತ್ತಲಿನ ಬಂಕುಗಳಿಗೆ ಹೋಗತೊಡಗಿದವು. ಅದಿರಿನಲ್ಲಿ ಯಂತ್ರ ಬಂದು ಕೆಲಸ ಹೋಯಿತು. ಇಲ್ಲಿ ಯಂತ್ರ ಬಂದು ಘಟ್ಟದ ಭಯ ಹೋಯಿತು, ಸಂಜೆ ಮನೆ ಸಿಕ್ಕಿತು.

ಟ್ಯಾಂಕರಿನವರಿಗೆ ಇರುವ ಇನ್ನೊಂದು ಬಲ ಗೊತ್ತಾದದ್ದು 2024ರ ಜನವರಿಯ ಮೊದಲ ಎರಡು ದಿನ. ಹೊಸ ಭಾರತೀಯ ನ್ಯಾಯ ಸಂಹಿತೆಯ 106(2) ಕಲಮು, ಅಪಘಾತದಲ್ಲಿ ಸಾವಾಗಿ ಚಾಲಕ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಎಂದಿತ್ತು. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಗರಿಷ್ಠ 2 ವರ್ಷವಿತ್ತು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷ ಎಂಬುದು ಚಾಲಕರ ಮಾತು. ಸತ್ತವರ ಮನೆಯವರಿಗೂ ನ್ಯಾಯ ಬೇಕು ಎಂಬುದು ಎದುರು ಮಾತು. ಎರಡೂ ನಿಜ. ಹಲವು ರಾಜ್ಯಗಳಲ್ಲಿ ಲಾರಿ ನಿಂತಿತು. ಎಲ್ಲರಿಗೂ ತಟ್ಟಿದ್ದು ಇಂಧನ ಟ್ಯಾಂಕರುಗಳು ನಿಂತಾಗ, ಬಂಕುಗಳ ಮುಂದೆ ಸಾಲು ಬೆಳೆದಾಗ. ಸರ್ಕಾರ ಮಾತುಕತೆಗೆ ಬಂತು. ಜುಲೈ 1ರಿಂದ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಲಾಗಿತ್ತು.

ನಂಬರ್ ಪ್ಲೇಟಿನ ಭಾಷೆ

ದಾರಿಯನ್ನು ಆರಿಸುವಾಗ ಚಾಲಕರು ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೊಂದು ಸಂಗತಿ ಯಾವ ಬಾಡಿಗೆ ಪಟ್ಟಿಯಲ್ಲೂ ಇರುವುದಿಲ್ಲ. ಅದು ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರ. 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಗಲಭೆ ಎದ್ದಾಗ ಬೆಂಗಳೂರಿನ ರಸ್ತೆಗಳಲ್ಲಿ ಆ ಅಕ್ಷರಗಳ ಅರ್ಥವೇ ಬದಲಾಯಿತು. 2016ರಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸು, ಲಾರಿಗಳಿಗೆ ಬೆಂಕಿ ಬಿತ್ತು. ಬೆಳಗಾವಿಯ ಗಡಿ ಬಿಸಿಯಾದಾಗ ಕರ್ನಾಟಕದ, ಮಹಾರಾಷ್ಟ್ರದ ಗಾಡಿಗಳು ಆಚೀಚೆ ನಿಲ್ಲುತ್ತವೆ. ನದಿ ನೀರಿನ ಬಗ್ಗೆಯಾಗಲಿ ಗಡಿಯ ಬಗ್ಗೆಯಾಗಲಿ ಚಾಲಕನನ್ನು ಯಾರೂ ಕೇಳಿರುವುದಿಲ್ಲ. ಆದರೆ ರಾಜ್ಯ ರಾಜ್ಯಗಳ ಜಗಳದಲ್ಲಿ ಎದುರಿಗೆ ಸಿಗುವ ಮೊದಲ ಹೊರನಾಡಿಗ ಅವನೇ.

ಹೊರರಾಜ್ಯದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ವ್ಯತ್ಯಾಸ ಇಷ್ಟೇ: ಮನೆ ಮಾಡಿಕೊಂಡವರು ಅಕ್ಕಪಕ್ಕದವರ ನಡುವೆ ಇರುತ್ತಾರೆ, ಚಾಲಕ ಯಾರ ನಡುವೆಯೂ ಇರುವುದಿಲ್ಲ. ಅದಕ್ಕೇ ಲೈನಿನವರು ನಾಲ್ಕೈದು ಭಾಷೆಗಳ ಚೂರುಗಳನ್ನು ಕಟ್ಟಿಕೊಂಡಿರುತ್ತಾರೆ. ದಾರಿ ಕೇಳುವಷ್ಟು ಮರಾಠಿ, ಊಟ ಕೇಳುವಷ್ಟು ತೆಲುಗು, ಜಗಳ ತಪ್ಪಿಸಿಕೊಳ್ಳುವಷ್ಟು ತಮಿಳು, ಪೊಲೀಸರೊಡನೆ ಹಿಂದಿ. ಯಾವ ಲೈನು ಬೇಕು ಎಂಬ ಪ್ರಶ್ನೆಗೆ ಬಹಳ ಸಲ ಭಾಷೆಯೇ ಉತ್ತರ: ಮಾತು ನಡೆಯುವ ಕಡೆಗೆ ಗಾಡಿ ಹೋಗಲಿ ಎನ್ನುತ್ತಾರೆ.

ಮನೆಯ ದೂರ

2017ರ ಜುಲೈ 1ರಂದು ಜಿಎಸ್‌ಟಿ ಬಂದ ಕೂಡಲೇ ರಾಜ್ಯಗಳು ಗಡಿಯ ತೆರಿಗೆ ಚೆಕ್‌ಪೋಸ್ಟುಗಳನ್ನು ತೆಗೆದವು, ಮುಂಬೈಯ ಆಕ್ಟ್ರಾಯ್ ಹೋಯಿತು. ಅದಕ್ಕೂ ಮುಂಚೆ 5,846 ಕಿಲೋಮೀಟರ್ ಉದ್ದದ ಸುವರ್ಣ ಚತುಷ್ಪಥ ನಾಲ್ಕು ಮಹಾನಗರಗಳನ್ನು ಬೆಸೆದಿತ್ತು. 2021ರಿಂದ ಟೋಲ್‌ನಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಕಾಯುವ ಹೊತ್ತು ನಿಜವಾಗಿಯೂ ಕಡಿಮೆಯಾಯಿತು. ಉಳಿದ ಹೊತ್ತು ಚಾಲಕನ ನಿದ್ದೆಗೆ ಹೋಯಿತೇ? ಹೆಚ್ಚಾಗಿ ಮುಂದಿನ ಟ್ರಿಪ್ಪಿಗೆ ಹೋಯಿತು. ಜಿಪಿಎಸ್ ಬಂದ ಮೇಲೆ ಗಾಡಿ ಎಲ್ಲಿ ಎಷ್ಟು ನಿಮಿಷ ನಿಂತಿತು ಎಂಬುದು ಮಾಲೀಕನ ಫೋನಿನಲ್ಲಿ ಕಾಣುತ್ತದೆ. ಚೆಕ್‌ಪೋಸ್ಟಿನ ಸಾಲು ನರಕವೇ ಆಗಿದ್ದರೂ ಅಲ್ಲಿ ಒಲೆ ಹಚ್ಚಿ ಅನ್ನ ಮಾಡಿಕೊಳ್ಳಲು, ಇನ್ನೊಬ್ಬ ಚಾಲಕನೊಡನೆ ಮಾತಾಡಲು ಬಿಡುವಿತ್ತು.

2018ರ ನವೆಂಬರಿನಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನೂ ಸಡಿಲಿಸಲಾಯಿತು. ಕಾಗದದ ಮೇಲಿನ ಎರಡನೇ ಚಾಲಕ ಬಹಳ ಗಾಡಿಗಳಲ್ಲಿ ಮುಂಚೆಯೂ ಇರಲಿಲ್ಲ. ಈಗ ಕ್ಲೀನರ್ ಕೂಡ ಅಪರೂಪ. ಖರ್ಚು ಉಳಿಯಿತು, ಕಸುಬು ಕಲಿಸುವ ಶಾಲೆ ಮುಚ್ಚಿತು. ಹಗ್ಗ ಬಿಗಿಯುತ್ತ, ಟೈರು ಬಡಿಯುತ್ತ ದೊಡ್ಡ ಡ್ರೈವರ್ ಆಗುವ ದಾರಿ ಈಗ ಇಲ್ಲ.

ಹೀಗಾಗಿ ಹಿಂದಿನ ಮೆಟ್ಟಿಲುಗಳು ತಿರುಗುಮುರುಗಾಗಿವೆ. ಅಪ್ಪಂದಿರಿಗೆ ಬಡ್ತಿಯಾಗಿದ್ದ ದೂರದ ಲೈನು ಮಕ್ಕಳಿಗೆ ಕೊನೆಯ ಆಯ್ಕೆ. ಮೊದಲ ಆಯ್ಕೆ ತಿಂಗಳ ಸಂಬಳ, ಗೊತ್ತಾದ ದಾರಿ, ರಾತ್ರಿ ಮನೆ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರುವಾದ ವಿಆರ್‌ಎಲ್‌ನಂಥ ಪಾರ್ಸೆಲ್ ಸಂಸ್ಥೆಗಳ ಗಾಡಿಗೆ ಹೊರಡುವ ಹೊತ್ತು, ಮುಟ್ಟುವ ಊರು ನಿಗದಿ. ಗುರುಗ್ರಾಮದ ರಿವಿಗೊ 2014ರ ನಂತರ ಇನ್ನೊಂದು ಪ್ರಯೋಗ ಮಾಡಿತು: ಗಾಡಿ ಮುಂದಕ್ಕೆ ಹೋಗುತ್ತದೆ, ಕೆಲವು ಗಂಟೆಗೊಮ್ಮೆ ಚಾಲಕ ಬದಲಾಗುತ್ತಾನೆ, ಎದುರಿನಿಂದ ಬರುವ ಗಾಡಿ ಹಿಡಿದು ಮನೆಗೆ ಮರಳುತ್ತಾನೆ. ಹಳೆಯ ಅಂಚೆಯ ಓಟಗಾರರು ಮಾಡುತ್ತಿದ್ದದ್ದೂ ಇದನ್ನೇ. ಆ ಸಂಸ್ಥೆಯ ಸಾಗಣೆ ವ್ಯವಹಾರ 2022ರಲ್ಲಿ ಮಹೀಂದ್ರದ ಪಾಲಾಯಿತು. ವ್ಯಾಪಾರವಾಗಿ ಅದು ಎಷ್ಟು ಗೆದ್ದಿತು ಎಂಬುದು ಬೇರೆ ಮಾತು. ಚಾಲಕನಿಗೆ ಮನೆ ಬೇಕು ಎಂಬುದನ್ನು ಒಂದು ವ್ಯವಹಾರ ಲೆಕ್ಕಕ್ಕೆ ತೆಗೆದುಕೊಂಡಿತು ಎಂಬುದಷ್ಟೇ ಇಲ್ಲಿ ಮುಖ್ಯ. 2025ರ ಅಕ್ಟೋಬರಿನಿಂದ ತಯಾರಾಗುವ ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದೂ ಅದೇ ಜಾಡಿನ ತಡವಾದ ಹೆಜ್ಜೆ. ಎಂಜಿನ್ನಿನ ಬಿಸಿಯ ಮೇಲೆ ಕೂತು ಮೇ ತಿಂಗಳ ರಾಯಚೂರು, ನಾಗಪುರ ದಾಟಿದವರಿಗೆ ಅದು ಸೌಕರ್ಯದ ಮಾತಲ್ಲ, ಕಣ್ಣು ಮುಚ್ಚದೆ ಇರುವ ಮಾತು.

ನಾಲ್ಕು ಅಳತೆಗೋಲುಗಳಿಗೆ ಹಿಂತಿರುಗಿದರೆ ಒಂದು ಸಂಗತಿ ಸ್ಪಷ್ಟ. ಇಷ್ಟು ವರ್ಷಗಳಲ್ಲಿ ಯಾವ ಲೋಡು ಒಳ್ಳೆಯದು ಎಂಬುದನ್ನು ಪರ್ಮಿಟ್, ತೆರಿಗೆ, ಚೀನಾದ ಬೆಲೆ, ಕೋರ್ಟಿನ ಆದೇಶ, ಪೈಪ್‌ಲೈನು ತೀರ್ಮಾನಿಸಿವೆ. ಚಾಲಕ ಅವುಗಳ ನಡುವೆ ಜಾಗ ಹುಡುಕಿಕೊಂಡಿದ್ದಾನೆ. ಲೋಡು ಬೇಡ ಎನ್ನುವ ಶಕ್ತಿ ಅವನಿಗೆ ಇದ್ದದ್ದು ಕಡಿಮೆ. ಅತಿಭಾರ ಬೇಡ, ಮೂರನೇ ರಾತ್ರಿಯೂ ಓಡಿಸುವುದು ಬೇಡ, ಈ ಕಾಗದದ ಮೇಲೆ ನಂಬಿಕೆಯಿಲ್ಲ ಎನ್ನಲು ಕೈಯಲ್ಲಿ ಸಂಬಳ ಇರಬೇಕು, ಬೆನ್ನಿಗೆ ಸಂಘವೋ ಮಂಡಳಿಯೋ ಇರಬೇಕು. ಹಮಾಲರಿಗೆ ಸಿಕ್ಕಿದ್ದು, ಟ್ಯಾಂಕರಿನವರು ಎರಡು ದಿನ ತೋರಿಸಿದ್ದು ಅದನ್ನೇ.

ಅದು ಸಿಗದ ಕಡೆ ಚಾಲಕರ ಮನೆಗಳು ತಮ್ಮದೇ ಉತ್ತರ ಕಂಡುಕೊಂಡಿವೆ. ಮಗನನ್ನು ಐಟಿಐಗೆ, ಡಿಪ್ಲೊಮಾಕ್ಕೆ, ಅಂಗಡಿಗೆ, ಊರಿನಲ್ಲೇ ಟ್ಯಾಕ್ಸಿಗೆ ಕಳಿಸುತ್ತಿದ್ದಾರೆ. ಚಾಲಕರು ಸಿಗುತ್ತಿಲ್ಲ, ಗಾಡಿ ನಿಂತಿವೆ ಎಂದು ಮಾಲೀಕರು ಹೇಳುವಾಗ ಅದನ್ನು ಕೊರತೆ ಎನ್ನುತ್ತಾರೆ. ಚಾಲಕರ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಕೊನೆಗೂ ಅವರು ಒಂದು ಲೋಡನ್ನು ಬೇಡ ಎಂದಿದ್ದಾರೆ.